ಹೆಗಲಿಗೆ ಟವೆಲ್ ಹಾಕದ ದಫೇದಾರ್ರು

ಭಾನುವಾರ ಮಧ್ಯಾಹ್ನ ನಮ್ಮ ಎದುರು ಮನೆಯ ದಫೇದಾರ್ರು ತಮ್ಮ ಮನೆಯ ಮೇನ್ ಸ್ವಿಚ್ ಆಫ್ ಮಾಡಿ ಹೊರಗೆ ಬಂದು ಕಟ್ಟೆಯ ಮೇಲೆ ಕೂತರೆಂದರೆ, ಯಾವುದೋ ಚಾನೆಲ್ಲಿನಲ್ಲಿ ಆ ಸಿನಿಮಾ ಬರುತ್ತಿದೆ ಎಂದೇ ಅರ್ಥ. ಒಳಗಿನಿಂದ ಅವರ ಹೆಂಡತಿ, “ಮಿಕ್ಸಿ ಅರ್ಧಕ್ಕೆ ನಿಂತೋಯ್ತು, ಕರೆಂಟ್ ಹಾಕ್ರೀ” ಎಂದು ಕೂಗುತ್ತಿದ್ದರು. ಇವರು ಕೇಳಿಸದವರ ಹಾಗೆ ಬೀದಿ ನೋಡುತ್ತಿದ್ದರು. ಆದರೆ ಅವರ ಮನೆಯ ಟೀವಿ ಒಂದು ಬಾಯಿ ಮುಚ್ಚಿದರೆ ಏನು ಬಂತು? ತುಮಕೂರಿನ ಉಪ್ಪಾರಹಳ್ಳಿಯ ನಮ್ಮ ಬೀದಿಯಲ್ಲಿ ಮನೆಗಳು ಒಂದಕ್ಕೊಂದು ಅಂಟಿಕೊಂಡಿವೆ. ಎಡಗಡೆ ಮನೆಯಿಂದ ಹಾಡು, ಬಲಗಡೆ ಮನೆಯಿಂದ ಡೈಲಾಗು. ನಾಯಿಯ ಸೀನು ಬಂದಾಗಲಂತೂ ಎಲ್ಲ ಮನೆಗಳಿಂದಲೂ ಒಟ್ಟಿಗೇ ಬೊಗಳುತ್ತಿತ್ತು. ಆಗ ದಫೇದಾರ್ರು ಎದ್ದು ಮೂಲೆಯ ಅಂಗಡಿವರೆಗೆ ಹೋಗಿ, ಏನೂ ಕೊಳ್ಳದೆ ವಾಪಸು ಬರುತ್ತಿದ್ದರು.

ಈಗ ಅವರಿಲ್ಲ. ಮೊನ್ನೆ ಭಾನುವಾರ ಆ ಸಿನಿಮಾ ಮತ್ತೆ ಬಂತು. ಎದುರು ಮನೆಯ ಫ್ಯಾನು ತಿರುಗುತ್ತಲೇ ಇತ್ತು, ಕಟ್ಟೆ ಖಾಲಿ ಇತ್ತು. ನನಗೆ ಊಟ ಸೇರಲಿಲ್ಲ. ಅದಕ್ಕೇ ಇದನ್ನು ಬರೆಯಲು ಕೂತೆ.

ಸಿನಿಮಾದ ಹೆಸರು ಬರೆಯುವುದಿಲ್ಲ. ಹಳೆಯ ಕ್ರೈಮ್ ಸಿನಿಮಾ, ಇವತ್ತಿಗೂ ಜನ ನೋಡುತ್ತಾರೆ. ನಮ್ಮ ಕಡೆ ‘ನಾಯಿ ಪಿಕ್ಚರ್’ ಎಂದರೆ ಸಾಕು. ಅದರ ಕಥೆ ನಡೆದದ್ದು ಗುಬ್ಬಿ ಕಡೆಯ ಒಂದು ಹಳ್ಳಿಯಲ್ಲಿ, ನಿಜವಾಗಿ. ಆ ಕೇಸಿನಲ್ಲಿ ಮೊದಲು ಸ್ಥಳಕ್ಕೆ ಹೋದ ಪೊಲೀಸು ನಮ್ಮ ಎದುರು ಮನೆಯವರೇ. ಅವರ ಹೆಸರನ್ನೂ ಬರೆಯುವುದಿಲ್ಲ. ಬೀದಿಯವರು ಯಾರೂ ಅವರನ್ನು ಹೆಸರು ಹಿಡಿದು ಕರೆದವರಲ್ಲ. ಹೆಡ್ ಕಾನ್‌ಸ್ಟೇಬಲ್ ಆಗಿ ರಿಟೈರಾದವರು, ಎಲ್ಲರಿಗೂ ದಫೇದಾರ್ರು. ಈ ಕಥೆಯಲ್ಲಿ ಇನ್ನೊಬ್ಬರು ಬರುತ್ತಾರೆ. ಅವರ ಹೆಸರನ್ನಂತೂ ಖಂಡಿತ ಬರೆಯುವುದಿಲ್ಲ. ಬೇಕಾದಷ್ಟು ಜನ ಆ ಹೆಸರನ್ನು ಬಾಯಿಗೆ ಹಾಕಿಕೊಂಡು ಅಗಿದಿದ್ದಾರೆ. ಸಿನಿಮಾ ಬಂದ ಮೇಲೆ ಅವರು ಊರು ಬಿಟ್ಟು, ಕುಣಿಗಲ್ ತಾಲ್ಲೂಕಿನ ಯಡಿಯೂರಿನ ಹತ್ತಿರ ಹೆಂಡತಿಯ ಕಡೆಯವರ ಜಮೀನಿನಲ್ಲಿ ರಾಗಿ ಬೆಳೆದುಕೊಂಡು ಉಳಿದರು. ಯಡಿಯೂರಿನವರು ಎಂದೇ ಕರೆಯುತ್ತೇನೆ.

ದಫೇದಾರ್ರು ಎಂದ ತಕ್ಷಣ ಹುರಿಮೀಸೆ, ದಪ್ಪ ದನಿ ಎಂದುಕೊಳ್ಳಬೇಡಿ. ಸಣಕಲು ಆಸಾಮಿ. ನಡೆದರೆ ಚಪ್ಪಲಿ ಸದ್ದೂ ಕೇಳುತ್ತಿರಲಿಲ್ಲ. ನಲ್ಲಿ ನೀರಿಗೆ ಬೀದಿಯಲ್ಲಿ ಜಗಳ ಎದ್ದರೆ ಬಂದು ಮಧ್ಯೆ ನಿಂತು, “ಆಯ್ತು, ಬೈಯದೆಲ್ಲ ಬೈದ್ ಮುಗುಸ್ರವ್ವ, ನಾನ್ ಕಾಯ್ತೀನಿ” ಎನ್ನುತ್ತಿದ್ದರು. ಬೈಯುವವರಿಗೆ ನಗು ಬಂದು ಜಗಳ ಅಲ್ಲಿಗೇ ನಿಲ್ಲುತ್ತಿತ್ತು. ತಮ್ಮ ಕನ್ನಡಕವನ್ನು ತಾವೇ ಎಲ್ಲೋ ಇಟ್ಟು ಮನೆಯೆಲ್ಲ ಹುಡುಕಿಸುತ್ತಿದ್ದರು. ನಾನು, “ಏನ್ ದಫೇದಾರ್ರೆ, ಕಳ್ಳರನ್ನ ಹೆಂಗೆ ಹಿಡಿದ್ರಿ ನೀವು?” ಎಂದು ಕಾಲೆಳೆದರೆ, “ಎಲ್ಲಿ ಹಿಡಿದ್ವಿ ಮೇಷ್ಟ್ರೆ, ಅವ್ರೇ ಪಾಪ ಅಂತ ಸಿಗಾಕ್ಕೊಳ್ಳೋರು” ಎನ್ನುತ್ತಿದ್ದರು. ನಾನು ಹೈಸ್ಕೂಲು ಮೇಷ್ಟ್ರಾಗಿದ್ದವನು. ರಿಟೈರಾದ ಮೇಲೂ ಅವರಿಗೆ ಮೇಷ್ಟ್ರೇ.

ಅವರಲ್ಲಿ ಎರಡು ವಿಚಿತ್ರ ನನಗೆ ಕಾಣುತ್ತಿದ್ದವು. ಬೀದಿನಾಯಿಗಳೆಂದರೆ ಪ್ರಾಣ. ಮನೆಯಲ್ಲಿ ಮುದ್ದೆ ಉಳಿದರೆ ಹಾಲಿನಲ್ಲಿ ಕಿವುಚಿ ತಂದು ಹಾಕುತ್ತಿದ್ದರು. ಇನ್ನೊಂದು, ಅವರ ವಯಸ್ಸಿನ ಗಂಡಸರೆಲ್ಲ ಹೆಗಲ ಮೇಲೆ ಟವೆಲ್ ಇಲ್ಲದೆ ಹೊರಗೆ ಕಾಲಿಡುವುದಿಲ್ಲ; ಇವರು ಮಾತ್ರ ಯಾವತ್ತೂ ಹಾಕಿದವರಲ್ಲ. ಬೇಸಿಗೆಯಲ್ಲಿ ಬೆವರು ಸುರಿದರೆ ಷರಟಿನ ತೋಳಿನಲ್ಲೇ ಒರೆಸಿಕೊಳ್ಳುತ್ತಿದ್ದರು. ನನ್ನ ಹೆಂಡತಿ ಒಂದು ಗೃಹಪ್ರವೇಶದಲ್ಲಿ ಅವರಿಗೆ ಎಲೆ ಅಡಿಕೆ ಜೊತೆ ಒಳ್ಳೆಯ ಅಂಚಿನ ಟವೆಲ್ ಕೊಟ್ಟಳು. ಕೈಯಲ್ಲಿ ಹಿಡಿದುಕೊಂಡು ಹೋಗಿ ಒಳಗಿಟ್ಟರು. ಆಮೇಲೆ ಅದನ್ನು ನಾನು ನೋಡಲಿಲ್ಲ. ಕೇಳಿದರೆ, “ಯಾಕೋ ಹೆಗಲು ಭಾರ ಆಗ್ತದೆ ಮೇಷ್ಟ್ರೆ” ಎಂದರು.

ನಡೆದದ್ದು ಏನೆಂದು ಅವರ ಬಾಯಿಂದ ನಾನು ಬಿಡಿಬಿಡಿಯಾಗಿ, ಹಲವು ವರ್ಷಗಳಲ್ಲಿ ಕೇಳಿದ್ದು.

ಗುಬ್ಬಿ ಸಂತೆಗೆ ಹೋದ ಹೆಣ್ಣುಮಗಳೊಬ್ಬಳು ಮನೆಗೆ ಬರಲಿಲ್ಲ. ಬೆಳಿಗ್ಗೆ ಊರಾಚೆ ತೆಂಗಿನ ತೋಟದ ಕಾಲುವೆ ಪಕ್ಕ ಹೆಣ ಸಿಕ್ಕಿತು. ಸುದ್ದಿ ಬಂದಾಗ ಸ್ಟೇಷನ್ನಿನಲ್ಲಿ ಇದ್ದವರು ಇವರು. ಸೈಕಲ್ ತುಳಿದುಕೊಂಡು ಹೋದರು. ಸಾಹೇಬರು ಜೀಪಿನಲ್ಲಿ ಬರುವವರೆಗೆ ಹೆಣ ಕಾಯುವುದು, ಯಾರೂ ಏನನ್ನೂ ಮುಟ್ಟದ ಹಾಗೆ ನೋಡಿಕೊಳ್ಳುವುದು ಅವರ ಕೆಲಸ. ಅಷ್ಟರಲ್ಲಿ ಸುತ್ತ ಹಳ್ಳಿಯವರೆಲ್ಲ ಬಂದು ಮುತ್ತಿಕೊಂಡರು. ರಸ್ತೆಯಲ್ಲಿ ಹೋಗುತ್ತಿದ್ದ ಬಸ್ಸು ನಿಂತು, ಅದರೊಳಗಿನ ಜನವೂ ಇಳಿದು ಬಂದರು. ಹೆಣ್ಣುಮಗಳ ಮೈಮೇಲೆ ಸೀರೆ ಸರಿಯಾಗಿರಲಿಲ್ಲ.

“ಎಲ್ರೂ ನೋಡ್ತಾವ್ರೆ ಮೇಷ್ಟ್ರೆ. ಸುಮ್ನೆ ನೋಡ್ತಾವ್ರೆ. ನಾನ್ ಲಾಠಿ ಬೀಸುದ್ರೆ ಒಂದ್ ಹೆಜ್ಜೆ ಹಿಂದಕ್ ಹೋಗ್ತಾರೆ, ತಿರ್ಗ ಬತ್ತಾರೆ. ಮುಟ್ಬಾರ್ದು, ಮುಚ್ಬಾರ್ದು ಅಂತ ನಂಗೆ ಗೊತ್ತಿಲ್ವಾ? ಗೊತ್ತು. ಆದ್ರೆ ನಂಗೂ ತಂಗಿ ಅವ್ಳೆ. ಯಾರಾದ್ರೂ ಒಂದ್ ಟವೆಲ್ ಕೊಡ್ರಪ್ಪ, ಮಾನ ಮುಚ್ಚೋಣ ಅಂದೆ.”

ಅಲ್ಲಿದ್ದ ಅಷ್ಟೂ ಗಂಡಸರ ಹೆಗಲ ಮೇಲೆ ಟವೆಲ್ ಇತ್ತು. ಯಾರೂ ಕೊಡಲಿಲ್ಲ. ಹೆಣದ ಮೇಲೆ ಹಾಕಿದ್ದನ್ನು ಯಾರೂ ವಾಪಸು ತಗೊಳ್ಳುವುದಿಲ್ಲ, ಮೈಲಿಗೆ ಬೇರೆ. ಅದೂ ಅಲ್ಲದೆ ಕೊಲೆಯಾದ ಹೆಣ, ಪೊಲೀಸು, ಕೋರ್ಟು. ಎಲ್ಲರೂ ಹೆಗಲು ಗಟ್ಟಿಯಾಗಿ ಹಿಡಿದುಕೊಂಡರು. ಒಬ್ಬರು ಮಾತ್ರ ಹಿಂದಿನಿಂದ ಬಂದು, ಮುಖ ಆಚೆ ತಿರುಗಿಸಿಕೊಂಡು, ತಮ್ಮ ಟವೆಲ್ ಅವಳ ಮೇಲೆ ಹೊದಿಸಿ, ಕೈ ಮುಗಿದು ಹೋದರು. ಅವರೇ ಯಡಿಯೂರಿನವರು.

ಮಧ್ಯಾಹ್ನ ಬೆಂಗಳೂರಿನಿಂದ ಪೊಲೀಸ್ ನಾಯಿ ಬಂತು. ಹೆಣ ಮೂಸಿತು, ಟವೆಲ್ ಮೂಸಿತು, ಬದುವಿನ ಮೇಲೆ ಓಡಿ, ಊರೊಳಗೆ ಹೋಗಿ, ಟವೆಲ್ಲಿನ ಯಜಮಾನರ ಮನೆಯ ಜಗುಲಿ ಹತ್ತಿ ಕೂತಿತು. ಇಡೀ ಊರು ಹಿಂದೆ ಓಡಿ ಬಂದಿತ್ತು. ಬಿಸಿಲಿಗೆ ನಾಯಿ ನಾಲಿಗೆ ಚಾಚಿ ಏದುಸಿರು ಬಿಡುತ್ತಿತ್ತು. ಆ ಮನೆಯ ಹೆಂಗಸು ಏನೂ ತಿಳಿಯದೆ, ಪಾಪ ಬಾಯಾರಿದೆ ಎಂದು ತಟ್ಟೆಯಲ್ಲಿ ನೀರು ತಂದಿಟ್ಟಳು. ನಾಯಿ ಕುಡಿಯಿತು.

ಸಿನಿಮಾದಲ್ಲಿ ನಾಯಿ ನೀರು ಕುಡಿಯುವುದಿಲ್ಲ. ಅಲ್ಲಿ ಅದು ಬೊಗಳುತ್ತಾ ಹಾರಿ ಆ ಮನೆಯ ಯಜಮಾನನ ಎದೆಯ ಮೇಲೆ ಬೀಳುತ್ತದೆ. ಅವನ ಮುಖ ಬೆವರುತ್ತದೆ. ನಾನು ಕಾಲೇಜಿನಲ್ಲಿದ್ದಾಗ ತುಮಕೂರಿನ ಟಾಕೀಸಿನಲ್ಲಿ ಆ ಸೀನಿಗೆ ಬಿದ್ದ ಶಿಳ್ಳೆ ಇನ್ನೂ ಕಿವಿಯಲ್ಲಿದೆ.

“ನಾಯಿ ಮೇಲೆ ಸಿಟ್ಟಿಲ್ವಾ ನಿಮಗೆ?” ಎಂದು ಕೇಳಿದ್ದೆ.

“ಅದ್ಯಾಕ್ ಸಿಟ್ಟು? ಟವೆಲ್ ಯಾರ್ದು ಅಂತ ಕೇಳುದ್ರು, ಇವ್ರ್‌ದು ಅಂತು. ಆ ಕೇಸ್ನಲ್ಲಿ ನೆಟ್ಟಗೆ ಡ್ಯೂಟಿ ಮಾಡಿದ್ದು ಅದೊಂದೇಯ” ಎಂದರು.

ಅವರು ಸಾಹೇಬರಿಗೆ ಟವೆಲ್ಲಿನ ವಿಷಯ ಅಲ್ಲೇ ಹೇಳಿದರು. ಬೈಗುಳ ತಿಂದರು. ಆದರೂ ಯಡಿಯೂರಿನವರನ್ನು ಕೆಲವು ದಿನ ಸ್ಟೇಷನ್ನಿನಲ್ಲಿ ಕೂರಿಸಿಕೊಂಡು ವಿಚಾರಿಸಿ, ಏನೂ ಇಲ್ಲವೆಂದು ಕಳಿಸಿದರು. ಅವರ ಮೇಲೆ ಕೇಸೇ ಆಗಲಿಲ್ಲ. ನಿಜವಾಗಿ ಕೊಂದವನು ಯಾರೆಂದು ಇವತ್ತಿಗೂ ಗೊತ್ತಿಲ್ಲ. ಪತ್ತೆಯಾಗಲಿಲ್ಲ ಎಂದು ಕೋರ್ಟಿಗೆ ವರದಿ ಹೋಯಿತು. ಆ ಹೆಣ್ಣುಮಗಳ ತಾಯಿ ಸ್ಟೇಷನ್ನಿಗೆ ಬಂದು ಬಂದು, ಒಂದು ದಿನ ಬರುವುದನ್ನು ನಿಲ್ಲಿಸಿದಳು. “ಸಿನಿಮಾದೋರ್ಗೆ ಎರಡೂವರೆ ಗಂಟೆ ಸಾಕು ಮೇಷ್ಟ್ರೆ. ಅಷ್ಟ್ರಲ್ಲಿ ನಮ್ದು ಮಹಜರೂ ಮುಗಿಯಲ್ಲ” ಎಂದು ದಫೇದಾರ್ರು ನಗುತ್ತಿದ್ದರು. ಆ ನಗುವಿನಲ್ಲಿ ನಗು ಇರುತ್ತಿರಲಿಲ್ಲ.

ಸಿನಿಮಾದವರು ಗುಬ್ಬಿಗೆ ಬಂದಾಗ ಸಾಹೇಬರಿಗೆ ವರ್ಗವಾಗಿತ್ತು. ಯಾರೋ ಇವರನ್ನು ತೋರಿಸಿದರು. ಇವರಿಗೆ ಮಾತು ಚೆನ್ನಾಗಿ ಬರುತ್ತಿತ್ತು. ತೋಟ, ಕಾಲುವೆ, ಬದು, ಜಗುಲಿ, ಎಲ್ಲ ಕರೆದುಕೊಂಡು ಹೋಗಿ ತೋರಿಸಿದರು. ನಾಯಿ ಓಡಿದ್ದನ್ನು ತಾವೇ ಓಡಿ ತೋರಿಸಿದರಂತೆ. ಟವೆಲ್ಲಿನ ವಿಷಯವನ್ನೂ ಹೇಳಿದರು.

“ಹೇಳ್ದೆ ಕಣ್ರೀ! ಮೊದ್ಲು ಹೇಳಿದ್ದೇ ಅದು. ಅವ್ರು ಏನಂದ್ರು ಗೊತ್ತಾ? ಅದ್ ಬ್ಯಾಡ ದಫೇದಾರ್ರೆ, ಅದನ್ನ ಹೇಳ್ಬುಟ್ರೆ ಸಸ್ಪೆನ್ಸ್ ಹೊಂಟೋಯ್ತದೆ ಅಂದ್ರು. ಹೋಗ್ಲಿ ಬುಡು ಸಿನಿಮಾ ತಾನೆ ಅಂದ್ಕೊಂಡೆ.”

ಸಿನಿಮಾ ಬಿಡುಗಡೆಯಾದಾಗ ಹೆಂಡತಿ ಮಕ್ಕಳನ್ನು ಕರೆದುಕೊಂಡು ತುಮಕೂರಿಗೆ ಬಂದು ನೋಡಿದರು. ಅದರಲ್ಲಿ ದಫೇದಾರನ ಪಾತ್ರ ಒಂದು ಜೋಕರಿನದು. ನಾಯಿ ಕಂಡರೆ ಹೆದರಿ ಮರ ಹತ್ತುತ್ತಾನೆ. ಅದಕ್ಕೆ ಇವರು ಬೇಜಾರು ಮಾಡಿಕೊಳ್ಳಲಿಲ್ಲ. ಸಿನಿಮಾ ಎಂದ ಮೇಲೆ ಒಬ್ಬ ಕೊಲೆಗಾರ ಸಿಕ್ಕಲೇಬೇಕಲ್ಲ. ನಾಯಿ ಯಾರ ಮನೆಯ ಜಗುಲಿ ಹತ್ತಿತೋ ಅವನೇ ಸಿಕ್ಕಿದ. ಅದೇ ಮನೆ, ಅದೇ ಬಾಗಿಲು, ಅದೇ ಹುಣಸೆಮರ. ಹೆಸರೊಂದನ್ನು ಬದಲಾಯಿಸಿದ್ದರು. ಊರಿನವರಿಗೆ ಹೆಸರು ಬೇಕಿರಲಿಲ್ಲ.

ಯಡಿಯೂರಿನವರ ಮಗಳಿಗೆ ಗಂಡು ಹುಡುಕುವ ಕಾಲ ಬಂತು. ನೋಡಿಕೊಂಡು ಹೋದವರು ಒಬ್ಬರೂ ಮತ್ತೆ ಬರಲಿಲ್ಲ. ಆಗ ದಫೇದಾರ್ರು ಇನ್ನೂ ಸರ್ವೀಸಿನಲ್ಲಿದ್ದರು, ನಾನು ಈ ಬೀದಿಗೆ ಹೊಸದಾಗಿ ಬಂದಿದ್ದೆ. ಒಂದು ಬೆಳಿಗ್ಗೆ ಯೂನಿಫಾರಂ ಇಸ್ತ್ರಿ ಮಾಡಿಸಿಕೊಂಡು ಹಾಕಿ ಬಂದು, “ಮೇಷ್ಟ್ರೆ, ನಿಮ್ ಸ್ಕೂಟ್ರಲ್ಲಿ ಗುಬ್ಬಿ ತಾವ ಒಂದ್ ಹಳ್ಳಿಗ್ ಹೋಗ್ಬರನ ಬನ್ನಿ. ಒಂದ್ ಸಂಬಂಧ ಮುರ್ದೋಗೋ ಹಂಗದೆ. ನಾನೇ ಹೋಗಿ ಹೇಳುದ್ರೆ ನಂಬ್ತಾರೆ” ಎಂದರು.

“ಯೂನಿಫಾರಂ ಯಾಕೆ?”

“ಮಾತಿಗೆ ತೂಕ ಬತ್ತದೆ.”

ಗಂಡಿನ ಮನೆಯ ಮುಂದೆ ಸ್ಕೂಟರ್ ನಿಲ್ಲಿಸುವುದಕ್ಕೂ ಅಕ್ಕಪಕ್ಕದವರು ಹೊರಗೆ ಬರುವುದಕ್ಕೂ ಸರಿಹೋಯಿತು. ಪೊಲೀಸು ಬಂದರೆ ಯಾವ ಹಳ್ಳಿಯಲ್ಲಿ ಜನ ಸೇರುವುದಿಲ್ಲ? ಹುಡುಗನ ತಂದೆ ಪಂಚೆ ಸರಿಮಾಡಿಕೊಳ್ಳುತ್ತಾ ಬಂದವನು ಖಾಕಿ ಕಂಡು ಬಾಗಿಲಲ್ಲೇ ನಿಂತ. ದಫೇದಾರ್ರು ಕೂತು, ನಿಧಾನವಾಗಿ, ಟವೆಲ್ಲಿನ ಕಥೆಯನ್ನು ಒಂದೂ ಬಿಡದೆ ಹೇಳಿದರು. ನನ್ನ ಕಣ್ಣೇ ಒದ್ದೆಯಾಗಿತ್ತು. ಗಂಡಿನ ತಂದೆ ಎಲ್ಲ ಕೇಳಿಸಿಕೊಂಡು, “ನೀವ್ ಹೇಳಾದು ದಿಟವೇ ಇರ್ಬೋದು ಸ್ವಾಮಿ. ಆದ್ರೆ ಹೆಣ್ಣು ಕೊಡೋಕೆ ಪೊಲೀಸ್ನೋರು ಬಂದ್ ಹೇಳ್ಬೇಕಾತದೆ ಅಂದ್ರೆ, ಏನೋ ಇರ್ಲೇಬೇಕಲ್ವಾ?” ಎಂದ.

ಮೂಲೆಯಲ್ಲಿ ಎಲೆ ಅಡಿಕೆ ಕುಟ್ಟುತ್ತಿದ್ದ ಅವನ ತಾಯಿ ತಲೆಯೆತ್ತದೆ, “ನಾಯಿ ಸುಮ್‌ಸುಮ್ಕೆ ಬತ್ತದೇನಪ್ಪ? ಅದುಕ್ಕೇನು ಲಂಚ ಕೊಟ್ಟಿದ್ರಾ?” ಎಂದಳು.

ದಫೇದಾರ್ರು ಟೋಪಿ ಎತ್ತಿಕೊಂಡು ಎದ್ದರು. ವಾಪಸು ಬರುವಾಗ ಗುಬ್ಬಿ ದಾಟಿದ ಮೇಲೆ ಹಿಂದಿನಿಂದ, “ಬಟ್ಟೆ ಬದ್ಲಾಯ್ಸಿ ಬರ್ಬೇಕಿತ್ತು, ಅಲ್ವಾ?” ಎಂದರು. ಆ ಹುಡುಗಿಯನ್ನು ಕೊನೆಗೆ ದೂರದ ಊರಿನ ಎರಡನೇ ಸಂಬಂಧಕ್ಕೆ ಕೊಟ್ಟರು.

ಯಡಿಯೂರಿನವರು ವರ್ಷಕ್ಕೊಮ್ಮೆ ಉಪ್ಪಾರಹಳ್ಳಿಗೆ ಬರುತ್ತಿದ್ದರು. ಚೀಲದಲ್ಲಿ ಅವರೆಕಾಯಿಯೋ ಹುಣಸೆಹಣ್ಣೋ ತರುತ್ತಿದ್ದರು. ಇಬ್ಬರೂ ಕಟ್ಟೆಯ ಮೇಲೆ ಕೂತು ಮಳೆ, ಬೆಳೆ, ಮಂಡಿನೋವು ಮಾತಾಡುತ್ತಿದ್ದರು. ಸಿನಿಮಾದ ಮಾತನ್ನು ಇಬ್ಬರೂ ಎತ್ತುತ್ತಿರಲಿಲ್ಲ. ಒಮ್ಮೆ ನಾನಿದ್ದಾಗ ದಫೇದಾರ್ರು ತಡೆಯಲಾರದೆ, “ಯಜಮಾನ್ರೆ, ಅವತ್ತು ನಾನ್ ಕೇಳ್ಬಾರ್ದಿತ್ತು” ಎಂದರು. ಯಡಿಯೂರಿನವರು ಟವೆಲ್ಲಿನಿಂದ ಮುಖ ಒರೆಸಿಕೊಂಡು, “ನೀವ್ ಕೇಳುದ್ರಿ, ನಾನ್ ಕೊಟ್ಟೆ. ಹೆಣ್ಣ್‌ಮಗಳು ಹಂಗೆ ಬಿದ್ದಿರ್ವಾಗ ಇನ್ನೇನ್ ಮಾಡಾದು, ಬುಡಿ” ಎಂದರು. ಅವರು ಹಾಗೆ ದೊಡ್ಡ ಮನಸ್ಸಿನಿಂದ ಅಂದಿದ್ದೇ ದಫೇದಾರ್ರಿಗೆ ಹೆಚ್ಚು ನೋವಾಗಿದ್ದು. ಒಂದೆರಡು ಮಾತು ಬೈದಿದ್ದರೆ ಹಗುರಾಗುತ್ತಿದ್ದರೋ ಏನೋ.

ಈಚೆಗೆ ಯಡಿಯೂರಿನವರ ಮೊಮ್ಮಗಳ ಸರದಿ ಬಂತು. ನರ್ಸಿಂಗ್ ಓದಿದ ಚುರುಕು ಹುಡುಗಿ. ಕುಣಿಗಲ್ಲಿನ ಒಂದು ಮನೆಯವರು ತಾವಾಗೇ ಕೇಳಿಕೊಂಡು ಬಂದು ಒಪ್ಪಿದ್ದರು. ಹಳೆಯದು ಯಾರಿಗೂ ಗೊತ್ತಿರಲಿಲ್ಲ. ಆ ಹೊತ್ತಿಗೇ ಯೂಟ್ಯೂಬ್ ಚಾನೆಲ್ಲಿನ ಒಬ್ಬ ಯುವಕ ದಫೇದಾರ್ರನ್ನು ಹುಡುಕಿಕೊಂಡು ಬಂದ. ಸಿನಿಮಾದ ಹಿಂದಿನ ಅಸಲಿ ಕೇಸು ಏನೆಂದು ಜನರಿಗೆ ಹೇಳಬೇಕಂತೆ. ಒಳ್ಳೆಯವನೇ. ಕಾಲಿಗೆ ನಮಸ್ಕಾರ ಮಾಡಿದ. “ನೀವು ಹೇಳಿದ್ದನ್ನ ಒಂದಕ್ಷರ ಕಟ್ ಮಾಡಲ್ಲ ತಾತ” ಎಂದು ಮಾತು ಕೊಟ್ಟ.

ದಫೇದಾರ್ರು ಯಡಿಯೂರಿಗೆ ಫೋನು ಮಾಡಿದರು. ಸ್ಪೀಕರಿನಲ್ಲಿ ಹಾಕಿದ್ದರಿಂದ ನನಗೂ ಕೇಳಿಸಿತು.

“ಬ್ಯಾಡ ದಫೇದಾರ್ರೆ,” ಎಂದರು ಆ ಕಡೆಯಿಂದ. “ಜನ ಮರ್ತವ್ರೆ. ಮಲಗಿರಾದನ್ನ ಯಾಕೆ ಎಬ್ಬುಸ್ತೀರಿ.”

“ಎಲ್ ಮರ್ತವ್ರೆ ಯಜಮಾನ್ರೆ, ಭಾನುವಾರ ಭಾನುವಾರ ನೆಪ್ಪು ಮಾಡ್ತಾವ್ರಲ್ಲ. ಈ ಸಲ ಪೂರ್ತಿ ಹೇಳ್ಬುಡ್ತೀನಿ. ನಿಮ್ ಮೊಮ್ಮಗಳ ಮದ್ವೆಗ್ ಮುಂಚೆ ಇದೊಂದ್ ತೊಳ್ಕೊಂಡ್ ಹೋಗ್ಲಿ. ನಾನ್ ಇನ್ನೆಷ್ಟ್ ದಿನ ಇರ್ತೀನಿ?”

ಆಮೇಲೆ, “ನೀವ್ ಕೇಳಿದ್ ಮೇಲೆ ನಾನ್ ಯಾವತ್ ಇಲ್ಲ ಅಂದಿದೀನಿ” ಎಂಬ ಮಾತು ಆ ಕಡೆಯಿಂದ ಬಂತು.

ಯುವಕ ಮಾತು ಉಳಿಸಿಕೊಂಡ. ಒಂದಕ್ಷರವನ್ನೂ ಕತ್ತರಿಸಲಿಲ್ಲ. ದಫೇದಾರ್ರು ಅದರಲ್ಲಿ ಎಷ್ಟು ಚೆನ್ನಾಗಿ ಮಾತಾಡಿದ್ದರೆಂದರೆ, ಟವೆಲ್ ಎಂದಾಗ ಅವರ ಕೈ ತಾನಾಗೇ ಖಾಲಿ ಹೆಗಲಿಗೆ ಹೋಗುತ್ತದೆ. ಆದರೆ ವಿಡಿಯೋದ ಮೇಲೆ ದೊಡ್ಡ ಅಕ್ಷರದಲ್ಲಿ ‘ಅಸಲಿ ಕೊಲೆಗಾರ ಯಾರು?’ ಎಂದಿತ್ತು. ಪಕ್ಕದಲ್ಲಿ ನಾಲಿಗೆ ಚಾಚಿದ ನಾಯಿ, ಅದರ ಹಿಂದೆ ಆ ಹಳೇ ಜಗುಲಿಯ ಫೋಟೋ. ನಾನು ಫೋನು ಮಾಡಿ ಕೇಳಿದರೆ, “ಸರ್, ಹಂಗಿಲ್ಲದಿದ್ರೆ ಯಾರೂ ಓಪನ್ನೇ ಮಾಡಲ್ಲ” ಎಂದು ಆ ಯುವಕ ನಿಜವಾಗಿಯೂ ಸಂಕಟದಿಂದಲೇ ಹೇಳಿದ. ಅವನನ್ನು ಬೈಯಲೂ ಆಗಲಿಲ್ಲ.

ಕೆಳಗೆ ಜನ ಬರೆದದ್ದನ್ನು ಓದಿ ಹೇಳಿ ಎಂದು ದಫೇದಾರ್ರು ನನ್ನ ಹತ್ತಿರ ಬಂದರು. ನಾನು ಮೆಚ್ಚಿ ಬರೆದ ಎರಡು ಮೂರು ಹುಡುಕಿ ಓದಿ ಮೊಬೈಲು ಕೆಳಗಿಟ್ಟೆ.

“ಮಿಕ್ಕಿದ್ದೂ ಓದಿ ಮೇಷ್ಟ್ರೆ.”

“ಬೇಡ ಬಿಡಿ, ಕೆಲಸವಿಲ್ಲದವರು.”

“ಓದಿ. ಪೊಲೀಸ್ನಾಗಿದ್ದೋನು ನಾನು, ಬೈಸ್ಕೊಂಡ್ ರೂಢಿ ಅದೆ.”

ಓದಿದೆ. ಅಜ್ಜ ಆಗಲೇ ದುಡ್ಡು ತಿಂದಿದ್ದಾನೆ ಎಂದು ಒಬ್ಬ. ಟವೆಲ್ ಹೊದಿಸಿ ಸಾಕ್ಷಿ ಮುಚ್ಚಿದವನೇ ಇವನು ಎಂದು ಇನ್ನೊಬ್ಬ. ಏನೂ ಮಾಡದ ಮನುಷ್ಯ ತಾನಾಗೇ ಬಂದು ಹೆಣಕ್ಕೆ ಬಟ್ಟೆ ಯಾಕೆ ಹೊದಿಸುತ್ತಾನೆ, ಪಾಪಪ್ರಜ್ಞೆ ಎಂದು ಮತ್ತೊಬ್ಬ. ಅದಕ್ಕೆ ನೂರಾರು ಜನರ ಮೆಚ್ಚುಗೆ. ಕೆಳಗೆ ಯಾರೋ ಯಡಿಯೂರಿನ ಹತ್ತಿರದ ಊರಿನ ಹೆಸರನ್ನೂ ಬರೆದಿದ್ದರು: ಆಸಾಮಿ ಇನ್ನೂ ಬದುಕಿದ್ದಾನೆ, ಮೊಮ್ಮಗಳ ಮದುವೆ ಮಾಡುತ್ತಿದ್ದಾನೆ.

ದಫೇದಾರ್ರು ಎರಡೂ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. “ನಾನ್ ಬಾಯ್ ಬುಟ್ಟಾಗೆಲ್ಲ ಏಟು ಅವ್ರಿಗೇ ಬೀಳ್ತದೆ” ಎಂದರು. ಅಳಲಿಲ್ಲ. ಅತ್ತಿದ್ದರೆ ಸಮಾಧಾನ ಹೇಳುವುದಾದರೂ ನನಗೆ ಗೊತ್ತಿತ್ತು. ಏನು ಹೇಳಲಿ? ಸುಳ್ಳು ಹೇಳಿದವನಿಗೆ ನಿಜ ಹೇಳು ಎನ್ನಬಹುದು. ನಿಜವನ್ನೇ ಹೇಳಿ ಹೇಳಿ ಸೋತವನಿಗೆ ಏನು ಹೇಳುವುದು?

ಕುಣಿಗಲ್ಲಿನವರು ಮುಹೂರ್ತ ಮುಂದಕ್ಕೆ ಹಾಕೋಣ ಎಂದರು. ಆಮೇಲೆ ಫೋನು ತೆಗೆಯುವುದನ್ನು ನಿಲ್ಲಿಸಿದರು. ದಫೇದಾರ್ರು ಆ ಮನೆಗೆ ಹೋಗಲು ಹೊರಟು, ಗೇಟಿನವರೆಗೆ ಬಂದು, “ನಾನ್ ಹೋದ್ರೆ ಇನ್ನೂ ಕೆಡ್ತದೆ, ಅಲ್ವಾ ಮೇಷ್ಟ್ರೆ?” ಎಂದು ಕೇಳಿ, ಚಪ್ಪಲಿ ಬಿಚ್ಚಿ ಒಳಗೆ ಹೋದರು. ಅವತ್ತಿನಿಂದ ಕಟ್ಟೆಗೂ ಬರಲಿಲ್ಲ. ನಾಯಿಗಳು ಬಂದು ಗೇಟಿನ ಮುಂದೆ ಕಾಯುತ್ತಿದ್ದವು. ಸ್ವಲ್ಪ ದಿನದಲ್ಲೇ, ಒಂದು ಬೆಳಿಗ್ಗೆ ಕಾಫಿ ಕುಡಿದು ಮಲಗಿದವರು ಏಳಲಿಲ್ಲ.

ಹೆಣವನ್ನು ಮನೆಯ ಮುಂದೆ ಶಾಮಿಯಾನ ಹಾಕಿ ಮಲಗಿಸಿದ್ದರು. ಬಂದವರು ಹಾರ ಹಾಕುತ್ತಿದ್ದರು. ಹತ್ತಿರದವರು ಹೊಸ ಬಟ್ಟೆ ತಂದು ಹೊದಿಸುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಯಡಿಯೂರಿನವರು ಬಂದರು. ಬಸ್ಸಿಳಿದು ನಡೆದೇ ಬಂದಿರಬೇಕು, ಕಾಲೆಲ್ಲ ಧೂಳು. ಕೈಯಲ್ಲಿ ಪೇಪರಿನಲ್ಲಿ ಸುತ್ತಿದ ಹೊಸ ಟವೆಲ್ ಇತ್ತು. ಬೀದಿಯ ಜನರಲ್ಲಿ ಪಿಸುಮಾತು ಶುರುವಾಯಿತು. ವಿಡಿಯೋ ಎಲ್ಲರೂ ನೋಡಿದ್ದರು. ಯಾರೋ ಇಬ್ಬರು ಮೊಬೈಲು ಮೇಲೆತ್ತಿ ಹಿಡಿದರು. ನಾನು ಗದರಿದೆ. ಇಳಿಸಿದ ಹಾಗೆ ಮಾಡಿ ಮತ್ತೆ ಎತ್ತಿದರು.

ಯಡಿಯೂರಿನವರು ಪೇಪರು ಬಿಚ್ಚಿ ಟವೆಲ್ ಮಡಿಕೆ ಬಿಡಿಸಿದರು. ದಫೇದಾರ್ರ ಮುಖವನ್ನೇ ನೋಡುತ್ತಾ ನಿಂತರು. ಬಗ್ಗಿದರು. ಚಾಚಿದ ಕೈ ಅಲ್ಲೇ ನಿಂತಿತು. ಸುತ್ತ ನೋಡಿದರು. ಆಮೇಲೆ ನೆಟ್ಟಗಾಗಿ, ಆ ಟವೆಲ್ಲನ್ನು ಮೆಲ್ಲಗೆ ನನ್ನ ಕೈಯಲ್ಲಿಟ್ಟರು.

“ನೀವ್ ಹೊದುಸ್ಬುಡಿ ಮೇಷ್ಟ್ರೆ” ಎಂದರು. “ನಾಳೆ ಯಾರಾದ್ರೂ ಕೇಳುದ್ರೆ, ಟವೆಲ್ ನಿಮ್ದು ಅಂತ್ಲೇ ಹೇಳಿ.”

ನಾನು ಹೊದಿಸಿದೆ. ಅವರು ಮುಖ ಆಚೆ ತಿರುಗಿಸಿಕೊಂಡು, ದೂರದಿಂದಲೇ ಕೈ ಮುಗಿದು, ಬಸ್ಸಿಗೆ ಹೋದರು.